ಬರ ಗೆದ್ದ ಹೋರಿ

ಎಪ್ಪತ್ತೆರಡರ ಬರದಲ್ಲಿ ಚಿಂತಾಕಿಯ ಜನ ಹೈದರಾಬಾದಿನ ದಾರಿ ಹಿಡಿದರು; ದನಗಳನ್ನು ಭಾಲ್ಕಿ ಕಡೆ ಸರಕಾರ ತೆರೆದಿದ್ದ ಮೇವಿನ ಶಿಬಿರಕ್ಕೆ ನಡೆಸಿಕೊಂಡು ಹೋದರು. ನರಸಿಂಗನ ಎಳೆಯ ಹೋರಿ ಮಾತ್ರ ಹೋಗಲಿಲ್ಲ. ಹುಟ್ಟುವಾಗಲೇ ಅದರ ಹಿಂಗಾಲು ತಿರುಚಿತ್ತು. ಊರ ಅಗಸಿ ಬಾಗಿಲು ದಾಟುವ ಮೊದಲೇ ಕೂತುಬಿಟ್ಟಿತು. ಅವನ ಹೆಂಡತಿ ಗಿರಿಜಾಬಾಯಿ ಮನೆಯ ಸೂರಿನ ಹುಲ್ಲು ಹಿರಿದು ಅದಕ್ಕೆ ಹಾಕಿದಳು.

"ಮನಿ ತಿಂದು ಬದುಕತದ, ಥೇಟ್ ಮನಿ ಅಳಿಯನ ಹಂಗ," ಅಂದಳು.

ಶಿಬಿರದ ದನಗಳಿಗೆ ಗಂಟಲುಬೇನೆ ಬಿತ್ತು. ಮಳೆಯಾದ ಮೇಲೆ ಕೆಲವು ಆಕಳು ಮರಳಿದವು. ಹೋರಿ ಒಂದೂ ಮರಳಲಿಲ್ಲ. ಸುತ್ತಿನ ಹಳ್ಳಿಗಳಿಗೆಲ್ಲ ಉಳಿದದ್ದು ನರಸಿಂಗನದೊಂದೇ.

ಬರ ಗೆದ್ದ ಬೀಜ ಎಂದು ಊರು ತೀರ್ಮಾನಿಸಿತು. ಆಕಳುಗಳನ್ನು ಹೊಡೆದುಕೊಂಡು ಬಂದವರು ಹೋರಿಗೆ ಬೆಲ್ಲ, ನರಸಿಂಗನಿಗೆ ಜೋಳ ಕೊಟ್ಟು ಹೋದರು.

ಅದರ ಕಾಲು ನೋಡಿದವನು ದನದ ವ್ಯಾಪಾರಿ ಚಾಂದ ಪಾಶಾ ಒಬ್ಬನೇ.

"ಕಾಕಾ, ಇದು ಗಟ್ಟಿ ಅದ ಅಂತ ಉಳದಿಲ್ಲರಿ. ಕುಂಟ ಅದ ಅಂತ ಉಳದದ. ಗಟ್ಟಿ ಇದ್ದವು ನಡದು ಹೋಗಿ ಸತ್ತವು."

"ಉಳದದ್ದು ಖರೇ ಹೌದಿಲ್ಲೋ?"

"ಖರೇರಿ. ಬೀದರ ಸಂತಿಯಿಂದ ಬ್ಯಾರೆ ಹೋರಿ ತರ್ತೇನಿ. ಅದನ್ನೂ ಬಿಡ್ರಿ ಆಕಳದಾಗ."

"ಹಾಂ, ಈಗ ಬಂದಿ ವ್ಯಾಪಾರಕ್ಕ!"

ಅದು ವ್ಯಾಪಾರದ ಮಾತೂ ಆಗಿತ್ತು. ಹಾಗಾಗಿ ಉಳಿದರ್ಧವನ್ನು ಯಾರೂ ಕೇಳಲಿಲ್ಲ.

ಕರುಗಳು ಚೆಲುವಾಗಿದ್ದವು: ಬಿಳಿ ಮೈ, ಕರಿ ಮೋರೆ. ಅಲ್ಲೊಂದು ಇಲ್ಲೊಂದು ಕಾಲೆಳೆದರೆ ದೃಷ್ಟಿ ತೆಗೆದರು. ಹೋರಿಯನ್ನು ಅದರ ಮಕ್ಕಳಿಗೂ ಮೊಮ್ಮಕ್ಕಳಿಗೂ ಬಿಟ್ಟರು. ಅದು ಮುದಿಯಾದಾಗ ಅದರ ಮಗನನ್ನು ಬಿಟ್ಟರು. ಕ್ರಮೇಣ ನೆಟ್ಟಗೆ ನಡೆಯುವ ದನವೇ ಅಪರೂಪವಾಗಿ, ಕುಂಟುನಡಿಗೆ ಚಿಂತಾಕಿ ದನದ ಲಕ್ಷಣವೆಂದು ಹೊಗಳಿಸಿಕೊಂಡಿತು. ಬಂದ ಜೋಳ ಮಾರಿ ನರಸಿಂಗ ಸೂರಿಗೆ ತಗಡು ಹೊದಿಸಿದ.

ಎಂಬತ್ತೈದರ ಸುಮಾರಿಗೆ ಮತ್ತೆ ಬಾವಿಗಳು ಒಣಗಿದವು. ನೀರಿದ್ದದ್ದು ದೂರದ ಮಾಂಜ್ರಾ ನದಿಯ ಮಡುವಿನಲ್ಲಿ ಮಾತ್ರ. ನರಸಿಂಗ ತನ್ನ ದನಗಳನ್ನು ಹೊಡೆದುಕೊಂಡು ಹೊರಟ. ಅಗಸಿಯ ಹತ್ತಿರ ಒಂದು ಕೂತಿತು. ಅದರ ಪಕ್ಕ ಇನ್ನೊಂದು. ಆಮೇಲೆ ಎಲ್ಲವೂ, ಸಭೆ ಕರೆದ ಹಾಗೆ. ಹಿಂದಿನ ಬರ ಯಾವುದನ್ನೂ ಆರಿಸಿರಲಿಲ್ಲ, ಒಂದನ್ನು ಮರೆತು ಹೋಗಿತ್ತು, ಅಷ್ಟೆ. ಈ ಬರ ಆರಿಸಲು ಕೂತಿತ್ತು.

ದನ ಕೊಳ್ಳಲು ಹೇಳಿ ಕಳಿಸಿದ್ದಕ್ಕೆ ಚಾಂದ ಪಾಶಾ ಬಂದು, ಸುತ್ತು ಹಾಕಿ ನೋಡಿದ.

"ನಾ ಅವತ್ತೇ ಹೇಳಿದ್ದೆ ಅನ್ನಬ್ಯಾಡ," ಎಂದ ನರಸಿಂಗ.

"ನಾ ಏನೂ ಅಂದಿಲ್ರಿ, ಕಾಕಾ. ಲಾರಿ ತನಕ ಸುದ್ದ ನಡ್ಯಂಗಿಲ್ಲ ಇವು. ಹ್ಯಾಂಗ ಒಯ್ಯಲಿ?"

ಅವನು ಬರಿಗೈಯಲ್ಲಿ ಹೋದ. ಗಿರಿಜಾಬಾಯಿ ಕೂತ ದನಗಳನ್ನು ನೋಡಿ ಮನೆಗೆ ಬಂದವಳು, ಹಳೇ ರೂಢಿಯಲ್ಲಿ ಸೂರಿಗೆ ಕೈ ಹಾಕಿದಳು.

ತಗಡು ಚುರ್ರೆಂದು ಸುಟ್ಟಿತು.