ಹನ್ನೊಂದು ಸೆಂಟಿಮೀಟರ್

"ಇನ್ನೂರ ಹದಿನಾಲ್ಕು!" ಎಂದು ಬ್ರೆಂಡಾ ಕೂಗಿದ ರಭಸಕ್ಕೆ ಲೈಬ್ರರಿಯ ಕೂಸಪ್ಪಣ್ಣ ಕನ್ನಡಕದ ಮೇಲಿಂದ ನೋಡಿದರು. ಅವಳು ನಾಲಿಗೆ ಕಚ್ಚಿಕೊಂಡು ಸ್ಕೇಲನ್ನು ಮತ್ತೆ ಪೇಪರಿನ ಮೇಲಿಟ್ಟಳು. ಮೇಜಿನ ತುಂಬ ಈ ವರ್ಷದ ಹಳೆಯ ಪೇಪರುಗಳು. ಉಡುಪಿಯ ಆ ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುವ ಬ್ರೆಂಡಾ ಕೊನೆಯ ವರ್ಷದ ಪ್ರಾಜೆಕ್ಟಿಗೆ ಆರಿಸಿಕೊಂಡದ್ದು ಬಾಸ್ಕೆಟ್‌ಬಾಲನ್ನು. ಕಾಲೇಜಿನ ಹುಡುಗರ ತಂಡಕ್ಕೆ ಪೇಪರಿನಲ್ಲಿ ಸಿಕ್ಕಿದ ಜಾಗ ಎಷ್ಟು, ಹುಡುಗಿಯರ ತಂಡಕ್ಕೆ ಎಷ್ಟು ಎಂದು ಅಳೆಯುವುದು.

"ನಮ್ಮದೆಷ್ಟು?" ಎಂದಳು ಎದುರು ಕುಳಿತಿದ್ದ ಮಾನಸ. ಹುಡುಗಿಯರ ತಂಡದ ಕ್ಯಾಪ್ಟನ್ ಅವಳೇ.

"ಹನ್ನೊಂದು. ಸೆಂಟಿಮೀಟರ್! ಇಡೀ ವರ್ಷಕ್ಕೆ! ನನ್ನ ಕೂದಲು ಇದಕ್ಕಿಂತ ಜಾಸ್ತಿ ಬೆಳೆದಿದೆ ಮಾರಾಯ್ತಿ. ಹುಡುಗರು ಗೆದ್ದದ್ದು ಎರಡು ಟೂರ್ನಮೆಂಟ್, ನೀವು ನಾಲ್ಕು. ಈ ಪೇಪರಿನವರಿಗೆ ನಾಚಿಕೆ ಉಂಟಾ?"

ಮಾನಸ ನಕ್ಕಳು. ಆದರೆ ಅವಳ ಕೈಯಲ್ಲಿದ್ದ ಅರ್ಜಿ ನಗುವಂಥದ್ದಾಗಿರಲಿಲ್ಲ. ದೈಹಿಕ ಶಿಕ್ಷಣದ ಕೋರ್ಸಿಗೆ ಕ್ರೀಡಾ ಕೋಟಾದಲ್ಲಿ ಸೀಟು ಬೇಕಾದರೆ, ಆಟಗಾರ್ತಿಯ ಹೆಸರಿರುವ ಪತ್ರಿಕಾ ವರದಿ ಒಂದಾದರೂ ಲಗತ್ತಿಸಬೇಕು. ಮೂರು ವರ್ಷ ಆಡಿದ ಮಾನಸಳ ಹೆಸರು ಒಂದು ಪೇಪರಿನಲ್ಲೂ ಬಂದಿರಲಿಲ್ಲ. ಅರ್ಜಿಯ ಕೊನೆಯ ದಿನಕ್ಕೆ ಮುಂಚೆ ಉಳಿದಿದ್ದದ್ದು ಒಂದೇ ಆಟ, ಭಾನುವಾರ ಕಾರ್ಕಳದ ಫೈನಲ್.

"ನೀನು ಚಿಂತೆ ಮಾಡ್ಬೇಡ. ನಾನು ಈಗಲೇ ಹೋಗಿ ಯೋಗೀಶಣ್ಣನನ್ನು ವಿಚಾರಿಸ್ತೇನೆ" ಎಂದು ಬ್ರೆಂಡಾ ಬ್ಯಾಗು ಹೆಗಲಿಗೇರಿಸಿದಳು.

ಯೋಗೀಶಣ್ಣ ಪೇಪರಿನ ಬಿಡಿ ವರದಿಗಾರ. ಕಾಪುವಿನಲ್ಲಿ ಅವನ ಝೆರಾಕ್ಸ್ ಅಂಗಡಿಯೇ ಅವನ ಕಚೇರಿ. ಗೋಳಿಬಜೆ ತಿನ್ನುತ್ತಿದ್ದವನ ಮುಂದೆ ಬ್ರೆಂಡಾ ಲೆಕ್ಕದ ಹಾಳೆಯನ್ನು ಬಿಡಿಸಿಟ್ಟಳು.

"ಸ್ಕೇಲಿನಲ್ಲಿ ಅಳೆದದ್ದಾ! ಪುಣ್ಯಕ್ಕೆ ನನ್ನ ಸೊಂಟ ಅಳೀಲಿಲ್ಲ" ಎಂದನು ಅವನು.

"ತಮಾಷೆ ಬೇಡ ಯೋಗೀಶಣ್ಣ. ಇದು ತಾರತಮ್ಯ. ಎಂತ ಹೇಳ್ತೀರಿ?"

"ನಾನೆಂತ ಹೇಳುದು? ಕಾಪು, ಶಿರ್ವ, ಉಡುಪಿಯ ಅರ್ಧ, ಎಲ್ಲ ನಾನೊಬ್ಬನೇ ನೋಡ್ಬೇಕು. ಕಾಲೇಜಿನಿಂದ ಎಂತ ಬರ್ತದೋ ಅದನ್ನು ಹಾಗೇ ಪೇಪರಿನ ಡೆಸ್ಕಿಗೆ ದಾಟಿಸ್ತೇನೆ." ಅವನು ಎಣ್ಣೆಗೈ ಒರೆಸಿಕೊಂಡು ಮೊಬೈಲು ಮುಂದೆ ಹಿಡಿದನು. "ಓದು. ನೀನೇ ಬರೆದದ್ದು."

ಬ್ರೆಂಡಾ ಓದಿದಳು. ಕಾಲೇಜಿನ ಮೀಡಿಯಾ ಕ್ಲಬ್ಬಿನಿಂದ ಅವಳೇ ಕಳಿಸಿದ ಪ್ರೆಸ್‌ನೋಟುಗಳು. ಹುಡುಗರ ಆಟದ್ದಾದರೆ ಬೆರಳು ನೋಯುವಷ್ಟು ಉದ್ದ. ಆಟಗಾರ ಡೀನ್ ಎಲ್ಲಿಂದ ಚೆಂಡು ಎಸೆದ, ಲಕ್ಷಿತ್ ಹೇಗೆ ತಡೆದ, ಗ್ಯಾಲರಿ ಹೇಗೆ ಎದ್ದು ನಿಂತಿತು. ಅದರ ಕೆಳಗೆ, ಪ್ರತಿ ಸಲವೂ, ಒಂದೇ ಗೆರೆ: "ಮಹಿಳೆಯರ ವಿಭಾಗದಲ್ಲಿ ನಮ್ಮ ಕಾಲೇಜು ಪ್ರಥಮ ಸ್ಥಾನ ಗಳಿಸಿತು."

ಅವಳ ಕಿವಿ ಬಿಸಿಯಾಯಿತು. ಹುಡುಗಿಯರ ಆಟ ಯಾವಾಗಲೂ ಭಾನುವಾರ ಬೆಳಿಗ್ಗೆ ಏಳೂವರೆಗೆ. ಅವಳ ಊರು ಶಿರ್ವದ ಇಗರ್ಜಿಯಲ್ಲಿ ಪೂಜೆಯೂ ಅದೇ ಹೊತ್ತಿಗೆ. ಪೂಜೆ ಮುಗಿಸಿ, ಮನೆಯಲ್ಲಿ ಊಟ ಮುಗಿಸಿ, ಬಸ್ಸು ಹಿಡಿದು ಅವಳು ಮುಟ್ಟುವಾಗ ಹುಡುಗರ ಆಟಕ್ಕೆ ದೀಪ ಹಾಕುತ್ತಿದ್ದರು. ದಾರಿಯಲ್ಲೇ ಮಾನಸಳಿಗೆ ಫೋನು ಮಾಡಿ "ಗೆದ್ದಿರಾ?" ಎನ್ನುವಳು. "ಗೆದ್ದೆವು" ಎನ್ನುವಳು ಮಾನಸ. ಅಷ್ಟಕ್ಕೆ ಒಂದು ಗೆರೆ ಧಾರಾಳವಾಗಿ ಸಾಕಾಗುತ್ತಿತ್ತು.

"ಪಾಪ, ಬೇಜಾರು ಮಾಡ್ಬೇಡ. ಒಂದು ಗೋಳಿಬಜೆ ತಿನ್ನು" ಎಂದನು ಯೋಗೀಶಣ್ಣ.

ಅವಳಿಗೆ ಗೋಳಿಬಜೆ ಸೇರಲಿಲ್ಲವೆಂದರೆ ಸಂಗತಿ ಎಷ್ಟು ದೊಡ್ಡದೆಂದು ಅರ್ಥವಾಗಬೇಕು.

ಕಾಪುವಿನ ಬಸ್‌ಸ್ಟಾಪಿನಲ್ಲಿ, ಹಿಂದಿನ ಬಸ್ಸಿಗೆ ಬಂದಿಳಿದಿದ್ದ ಮಾನಸ ಸಿಕ್ಕಿದಳು. ಮೀನು ಮಾರಿ ಮುಗಿಸಿದ ತಾಯಿ ಕಮಲಕ್ಕನ ಜೊತೆ, ಅವರ ಖಾಲಿ ಬುಟ್ಟಿ ಹಿಡಿದುಕೊಂಡು ಉಚ್ಚಿಲದ ಬಸ್ಸಿಗೆ ಕಾಯುತ್ತಿದ್ದಳು.

"ಎಂತ ಬ್ರೆಂಡಾ, ಮುಖ ಐಸಿನಲ್ಲಿಟ್ಟ ಬಂಗುಡೆಯ ಹಾಗಾಗಿದೆ?" ಎಂದರು ಕಮಲಕ್ಕ.

ಬ್ರೆಂಡಾ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟಳು. ಪೇಪರಿನವರದ್ದಲ್ಲ, ತನ್ನದೇ ತಪ್ಪು. ಮಾನಸ ಬುಟ್ಟಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು.

"ಗೊತ್ತುಂಟು."

"ಗೊತ್ತಿತ್ತಾ? ಮತ್ತೆ ಹೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ?"

"ನೀನು ಕೇಳಿದ್ದು ಗೆದ್ದಿರಾ ಅಂತ ಅಲ್ವಾ. ಅದಕ್ಕೆ ಉತ್ತರ ಹೇಳ್ತಿದ್ದೆ. ಹೇಗೆ ಆಡಿದಿರಿ ಅಂತ ನೀನು ಯಾವತ್ತು ಕೇಳಿದ್ದಿ?" ಮಾನಸಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಬ್ರೆಂಡಾಗೆ ಸುಲಭವಾಗುತ್ತಿತ್ತು. ಬಸ್ಸು ಬಂತು, ತಾಯಿ ಮಗಳು ಹತ್ತಿದರು.

ಶನಿವಾರ ಸಂಜೆಯ ಪೂಜೆಗೆ ಹೋಗಿ ಬಂದ ಬ್ರೆಂಡಾ ಮರುದಿನ ಬೆಳಿಗ್ಗೆ ಆರಕ್ಕೇ ಅಪ್ಪನನ್ನು ಅಲುಗಾಡಿಸಿ ಎಬ್ಬಿಸಿದಳು. ಆಂಡ್ರ್ಯೂ ಗೊಣಗುತ್ತಲೇ ಸ್ಕೂಟರು ತೆಗೆದರು. "ಇಷ್ಟು ಬೇಗ ನೀನು ಪರೀಕ್ಷೆಗೂ ಎದ್ದದ್ದಿಲ್ಲ." ಬೆಳ್ಮಣ್ಣು ದಾಟಿ ಕಾರ್ಕಳ ಮುಟ್ಟುವಾಗ ಮೈದಾನದಲ್ಲಿ ಎರಡೂ ತಂಡಗಳು ಓಡಲು ಶುರುಮಾಡಿದ್ದವು. ನೋಡುವವರೆಂದರೆ ಹತ್ತಿಪ್ಪತ್ತು ಜನ, ಒಂದು ನಾಯಿ.

ಎದುರಾಳಿ ಮಣಿಪಾಲದ ತಂಡ. ಮಾನಸ ಎಡಗೈಯಲ್ಲಿ ಚೆಂಡು ಬಡಿಯುತ್ತಾಳೆಂಬುದು ಬ್ರೆಂಡಾಗೆ ಅವತ್ತೇ ಗೊತ್ತಾದದ್ದು. ಕೆಮ್ಮಣ್ಣಿನ ಕುಶಲಾ, ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗಿ, ಇಲ್ಲಿ ಎಲ್ಲರಿಗೂ ಕೂಗಿ ಕೂಗಿ ಜಾಗ ತೋರಿಸುತ್ತಿದ್ದಳು. ಬ್ರೆಂಡಾ ಅದನ್ನೆಲ್ಲ ಮೊಬೈಲಿನಲ್ಲಿ ಒತ್ತುತ್ತಾ ಹೋದಳು. ಆಮೇಲೆ ಒತ್ತುವುದನ್ನೂ ಮರೆತಳು. ನಲವತ್ತೊಂದು–ನಲವತ್ತೆರಡು, ಉಳಿದದ್ದು ಆರು ಸೆಕೆಂಡು, ಚೆಂಡು ಮಾನಸಳ ಕೈಯಲ್ಲಿ. ಬ್ರೆಂಡಾಗೆ ತಡೆಯಲಾಗಲಿಲ್ಲ. ಕಣ್ಣು ಮುಚ್ಚಿಬಿಟ್ಟಳು.

ಧಡ್ ಎಂಬ ಸದ್ದು, ಸೀಟಿ, ಆಚೆ ಕಡೆಯ ಕೇಕೆ.

ಮೆಟ್ಟಿಲ ಮೇಲೆ ಹುಡುಗಿಯರು ಟವೆಲಿನಲ್ಲಿ ಮುಖ ಹುದುಗಿಸಿ ಕುಳಿತರು. ಬ್ರೆಂಡಾ ಸ್ವಲ್ಪ ದೂರ ಹೋಗಿ ಯೋಗೀಶಣ್ಣನಿಗೆ ಫೋನು ಮಾಡಿದಳು.

"ಸೋತರಾ? ಸೋತ ಸುದ್ದಿಗೆ ಡೆಸ್ಕಿನವರು ಒಪ್ಪುದು ಕಷ್ಟ ಮಾರಾಯ್ತಿ."

"ಹುಡುಗರು ಸೆಮಿಫೈನಲಿನಲ್ಲಿ ಸೋತದ್ದು ಮೂರು ಕಾಲಂ ಬಂದಿದೆ ಯೋಗೀಶಣ್ಣ. ವೀರೋಚಿತ ಸೋಲು ಅಂತ ಹೆಡ್ಡಿಂಗು."

"ಅದನ್ನೂ ನೀನೇ ಬರೆದದ್ದು."

"ಹೌದು. ಇದನ್ನೂ ನಾನೇ ಬರೀತೇನೆ. ನೀವು ದಾಟಿಸದಿದ್ದರೆ ಅಂಗಡಿಯಲ್ಲೇ ಬಂದು ಕೂತ್ಕೊಳ್ತೇನೆ, ನೋಡಿ."

ಆಚೆ ಕಡೆಯಿಂದ ನಗು ಕೇಳಿತು. "ಆಯ್ತು, ಹಾಕಿಸ್ತೇನೆ, ಮಾತು ಕೊಟ್ಟೆ. ಹನ್ನೆರಡರ ಒಳಗೆ ಕಳಿಸು. ಹೆಸರು ಇನಿಶಿಯಲ್ ಸಮೇತ ಬರ್ಲಿ. ಮತ್ತೆ ಆ ಕೊನೆಯ ಚೆಂಡು ಹೇಗೆ ತಪ್ಪಿತು, ಅದು ಸರಿಯಾಗಿ ಬೇಕು."

ಬ್ರೆಂಡಾ ಮೆಟ್ಟಿಲಿಗೆ ಹಿಂದಿರುಗಿ ಮಾನಸಳ ಪಕ್ಕ ಕುಳಿತಳು. "ಮಾನಸ, ಆ ಕೊನೆಯ ಚೆಂಡು... ಹೇಗಾಯ್ತು?"

"ನೀನು ಇಲ್ಲೇ ಇದ್ದಿಯಲ್ಲ!"

"ಕಣ್ಣು ಮುಚ್ಚಿಕೊಂಡಿದ್ದೆ."

ಮೊದಲು ನಕ್ಕದ್ದು ಕುಶಲಾ. ಆಮೇಲೆ ಟವೆಲುಗಳು ಒಂದೊಂದಾಗಿ ಕೆಳಗಿಳಿದವು. ಕೆಂಪು ಕಣ್ಣಿನ ಹುಡುಗಿಯರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾನಸ ಮೂಗು ಒರೆಸಿಕೊಂಡು ಎದ್ದಳು. ಶೂ ಬಿಚ್ಚಿಟ್ಟಿದ್ದವಳು ಸಾಕ್ಸಿನಲ್ಲೇ ಬಿಸಿಲು ಬಿದ್ದ ಮೈದಾನಕ್ಕೆ ನಡೆದು, ಬಳಿದ ಗೆರೆಯ ಹತ್ತಿರ ನಿಂತಳು.

"ಇಲ್ಲಿದ್ದೆ, ನೋಡು. ಅವಳು ಬಲಗಡೆಯಿಂದ ಬಂದಳು. ನಾನು ಹೀಗೆ ತಿರುಗಿದೆ."

ಬರಿಗೈಯಲ್ಲಿ ಎರಡು ಹೆಜ್ಜೆ ಓಡಿ ಅವಳು ಮೇಲಕ್ಕೆ ನೆಗೆದಳು. ಎಡಗೈಯ ಮಣಿಕಟ್ಟು ಮೆಲ್ಲಗೆ ಬಾಗಿತು. ಮೆಟ್ಟಿಲ ಮೇಲಿದ್ದವರ ಕಣ್ಣುಗಳೆಲ್ಲ, ಇಲ್ಲದ ಚೆಂಡಿನ ಹಿಂದೆಯೇ, ಕಬ್ಬಿಣದ ಬಳೆಯವರೆಗೂ ಹೋದವು.