ಒಂದೇ ಗಾಡಿಯಿಂದ ಬಿದ್ದವರು

ಡಾಕ್ಟರ್ ನಾಗೇಂದ್ರಪ್ಪ ಎರಡೂ ಎಕ್ಸ್‌ರೇಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದನ್ನು ಬೇಗ ಇಳಿಸಿದರು. ಇನ್ನೊಂದನ್ನು ಇಳಿಸಲೇ ಇಲ್ಲ. ಇಳಿಸಿದ್ದು ತನ್ನದು ಎಂದು ತಿಳಿದು ಮೂಕಣ್ಣನ ಜೀವ ಹಗುರಾಯಿತು. ಆಮೇಲೆ ಪಕ್ಕದಲ್ಲಿ ಕೂತಿದ್ದ ಹೆಂಡತಿ ಹುಲುಗಮ್ಮನ ಕಡೆ ನೋಡಿದ.

"ನಿಂದು ಚೊಲೋ ಕೂಡೈತಿ. ನಿನ್ನ ಹೆಂಡ್ತಿದು ಸೊಟ್ಟ ಕೂಡೈತಿ," ಎಂದರು ಡಾಕ್ಟರು. "ಇಬ್ಬರ್ದೂ ಒಂದಾ ಎಲುಬು ಮುರಿದಿದ್ದು. ಪ್ಲಾಸ್ಟರ್ ಹಾಕಿದಾತನೂ ನಾನಾ. ವಯಸ್ಸು ನೋಡಿದ್ರ ಆಕಿದಾ ಮೊದ್ಲು ಕೂಡಬೇಕಿತ್ತು."

ಒಂದೂವರೆ ತಿಂಗಳ ಹಿಂದೆ ಕಾಲುವೆ ಏರಿಯ ಮೇಲೆ ಕಬ್ಬಿನ ಗಾಡಿ ಮಗುಚಿದಾಗ ಗಂಡ ಹೆಂಡತಿ ಇಬ್ಬರೂ ಅದರ ಮೇಲಿದ್ದರು. ಅವನ ಎಡಗಾಲು ಮುರಿಯಿತು, ಅವಳ ಬಲಗಾಲು. ಹೊಸಪೇಟೆಯ ಇದೇ ಆಸ್ಪತ್ರೆಯಲ್ಲಿ ಇಬ್ಬರಿಗೂ ಪ್ಲಾಸ್ಟರ್ ಹಾಕಿ, ಆರು ವಾರ ಕಾಲು ನೆಲಕ್ಕೆ ಊರಬಾರದೆಂದು ಹೇಳಿ ಕಳಿಸಿದ್ದರು. ಕಡ್ಡಿರಾಂಪುರಕ್ಕೆ ಬಂದ ಮೇಲೆ ಮನೆಯಲ್ಲಿದ್ದ ಒಂದೇ ಮಂಚ ಮೂಕಣ್ಣನಿಗಾಯಿತು. ಅವನನ್ನು ನೋಡಲು ಊರೇ ಬಂತು. ಕಾಲು ಸೂಪು ಬಂತು, ನಾಟಿ ಮೊಟ್ಟೆ ಬಂತು, ಬೀಡಿ ಕಟ್ಟು ಬಂತು. ಬಂದವರಿಗೆಲ್ಲ ಚಹಾ ಕಾಸಬೇಕಲ್ಲ! ಹುಲುಗಮ್ಮ ಒಲೆಯ ಮುಂದೆ ಪ್ಲಾಸ್ಟರಿನ ಕಾಲು ಚಾಚಿ ಕೂತು ಚಹಾ ಕಾಸಿದಳು, ರೊಟ್ಟಿ ಬಡಿದಳು.

ಹದಿನೈದು ದಿನ ನೀರು ತಂದುಕೊಟ್ಟ ಅವನ ತಂಗಿ ಉಚ್ಚಂಗೆಮ್ಮ, ಕಂಪ್ಲಿಯಲ್ಲಿ ತನ್ನ ಗದ್ದೆಯ ನಾಟಿ ಇದೆಯೆಂದು ಹೊರಟುಹೋದಳು. ಮರುದಿನ ಹುಲುಗಮ್ಮ ಗೋಡೆ ಹಿಡಿದು ಎದ್ದಳು. ಕೊಡ ಹೊತ್ತು ಕಾಲುವೆಗೆ ಹೋಗಿಬಂದಳು. ದಿನಾ ನೆನೆದು ನೆನೆದು ಪ್ಲಾಸ್ಟರ್ ಮುದ್ದೆಯಂತೆ ಮೆತ್ತಗಾಯಿತು. ನಾಲ್ಕನೇ ವಾರ ಕಬ್ಬು ಕಡಿಯುವ ಮಚ್ಚಿನಿಂದ ಅದನ್ನು ತಾನೇ ಸೀಳಿ ತಿಪ್ಪೆಗೆ ಎಸೆದಳು. ಮೂಕಣ್ಣ ಮಂಚದ ಮೇಲಿಂದ ನೋಡಿದ್ದ. "ಹೆಂಗಸರ ಜೀವ ಗಟ್ಟಿ ಬಿಡು," ಎಂದು ನಕ್ಕಿದ್ದ. ಊರಲ್ಲಿ ಎಲ್ಲರೂ ಅನ್ನುವ ಮಾತೇ ಅದು. ಅಷ್ಟು ಅಂದುಬಿಟ್ಟರೆ ಯಾರೂ ಕೂತಲ್ಲಿಂದ ಏಳಬೇಕಾಗಿಲ್ಲ ನೋಡಿ.

"ಪ್ಲಾಸ್ಟರ್ ಯಾಕ ತಗದಿ ಅವ್ವಾ? ಕಾಲು ಊರಿ ಓಡಾಡಿದ್ಯಾ?" ಡಾಕ್ಟರು ಕೇಳಿದರು.

"ಇಲ್ರೀ. ನೀರು ಬಿದ್ದು ತಾನಾ ಉದುರಿತ್ರೀ," ಎಂದಳು ಹುಲುಗಮ್ಮ ತಲೆ ತಗ್ಗಿಸಿ. "ನನ್ನ ಎಲುಬಾ ಹಂಗ ಇರಬೇಕ್ರೀ."

ಗಂಡನ ಮಾನ ಉಳಿಸಲು ಅವಳು ಸುಳ್ಳು ಹೇಳುತ್ತಿದ್ದಾಳೆಂದು ಮೂಕಣ್ಣನಿಗೆ ಗೊತ್ತಾಯಿತು. ನಾಚಿಕೆಯಿಂದ ಮುಖ ಬಿಸಿಯಾಯಿತು. ಕಿಟಕಿಯ ಕಡೆ ಮುಖ ತಿರುಗಿಸಿದ.

"ತಿರುಗಿ ಮುರಿದು ಕೂಡಿಸಬೇಕು. ಈಗಾದ್ರ ನೆಟ್ಟಗಾಗ್ತೈತಿ, ತಡ ಮಾಡಿದ್ರ ಸಾಯೋತನ ಕುಂಟು. ಎರಡು ತಿಂಗಳು ಇಲ್ಲೇ ಮಲಗ್ಲಿ. ಏನಂತೀ ಮೂಕಣ್ಣ?"

ಹುಲುಗಮ್ಮ ತಲೆ ಎತ್ತಿದಳು. ಮದುವೆಯಾದ ಒಂಬತ್ತು ವರ್ಷದಲ್ಲಿ ಅವಳು ಅವನನ್ನು ಬಾಯಿಬಿಟ್ಟು ಒಂದು ಕುಪ್ಪಸವನ್ನೂ ಕೇಳಿದವಳಲ್ಲ. ಈಗ ಕಣ್ಣಿನಲ್ಲೇ ಕೇಳುತ್ತಿದ್ದಳು. ಮೂಕಣ್ಣ ಹ್ಞೂಂ ಅನ್ನಬೇಕೆಂದೇ ಇದ್ದ. ಅಷ್ಟರಲ್ಲಿ ಹೊಲದಲ್ಲಿ ಇನ್ನೂ ಅರ್ಧ ನಿಂತಿದ್ದ ಕಬ್ಬು ನೆನಪಾಯಿತು, ಎರಡು ತಿಂಗಳು ಹಚ್ಚುವವರಿಲ್ಲದ ಒಲೆ ನೆನಪಾಯಿತು.

"ಕಬ್ಬು ಮುಗೀಲ್ರೀ ಸಾಹೇಬ್ರ. ಯುಗಾದಿ ಆದ ಮ್ಯಾಲ ಕರ್ಕೊಂಡು ಬರ್ತೀನಿ."

ಡಾಕ್ಟರು ಎಕ್ಸ್‌ರೇಯನ್ನು ಲಕೋಟೆಗೆ ಹಾಕಿ ಕೊಟ್ಟರು. ಹುಲುಗಮ್ಮ ಸೆರಗು ಸರಿಮಾಡಿಕೊಂಡು ಎದ್ದಳು.

ಬಸ್ಸು ತುಂಬಿ ತುಳುಕುತ್ತಿತ್ತು. ಕಂಡಕ್ಟರ್ ಕೊಟ್ರಯ್ಯ ಅವರದೇ ಊರಿನವನು. ಮೂಕಣ್ಣ ಮೆಟ್ಟಿಲು ಹತ್ತುವುದನ್ನು ಕಂಡವನೇ ಕೂಗಿದ: "ಯಾರರ ಏಳ್ರಪ್ಪಾ! ನಮ್ಮ ಮೂಕಣ್ಣಂದು ಕಾಲು ಮುರಿದಿತ್ತು, ಕುಂದ್ರಲಿ ಪಾಪ."

ಯಾರೋ ಎದ್ದರು.

"ಆಕಿದೂ..." ಎಂದ ಮೂಕಣ್ಣ. ಅಷ್ಟರಲ್ಲಿ ಕೊಟ್ರಯ್ಯ ಸೀಟಿ ಊದಿದ, ಬಸ್ಸು ಜಗ್ಗಿ ಹೊರಟಿತು.

ಮೂಕಣ್ಣ ಕೂತ. ಹುಲುಗಮ್ಮ ಮೇಲಿನ ಕಂಬಿ ಹಿಡಿದು, ಬಲಪಾದವನ್ನು ಎಡಪಾದದ ಮೇಲೆ ಇಟ್ಟುಕೊಂಡು, ಕಡ್ಡಿರಾಂಪುರ ಬರುವವರೆಗೂ ಹಾಗೇ ನಿಂತಿದ್ದಳು.