ಪದ್ಮವ್ವ ಹಳ್ಳ ತೋರಿಸಿದ್ದು

ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ ವಿಶ್ವಾಸನ ಕೈಯನ್ನು ಅಕ್ಕ ಸಪನಾ ಹಿಡಿದು ನಿಲ್ಲಿಸಿದಳು.

“ತಡಿ. ಶಾಸಕರು ಬರ್ಲಿ.”

“ಅವರು ಚಿಕ್ಕೋಡ್ಯಾಗ ಮದುವಿಗೆ ಹೋಗ್ಯಾರ. ಅಲ್ಲೀತನಾ ಅವ್ವನ್ನ ಹಿಂಗ ಇಡೂದ?”

“ಫೋನ್ ಮಾಡೇನಿ. ಬರ್ತಾರ.”

ಅಂಗಳದಲ್ಲಿ ಗುಸುಗುಸು ಎದ್ದಿತು. ಜೀವಮಾನವಿಡೀ ಬೇರೆಯವರ ಕಬ್ಬಿನಲ್ಲಿ ಕಳೆ ಕಿತ್ತ ಪದ್ಮವ್ವನಿಗೂ ಶಾಸಕರಿಗೂ ಎಲ್ಲಿಯ ನಂಟು? ಪಕ್ಕದ ಮನೆಯ ತಾರವ್ವನಿಗೆ ತಡೆಯಲಾಗಲಿಲ್ಲ.

“ಸತ್ತ ಮ್ಯಾಲೂ ಪುಢಾರಿ ಬೇಕೇನ ಬೇ ನಿಮ್ಮವ್ವಗ?”

“ಬೇಕ ಅತ್ತಿ,” ಎಂದಳು ಸಪನಾ. ಶ್ರಾವಣದ ಮಳೆ ಆಗಷ್ಟೇ ನಿಂತಿತ್ತು.

*

ಪದ್ಮವ್ವ ಕೇಳುವ ರೀತಿಯೇ ಬೇರೆ. ಒಮ್ಮೆ ಊರಿನ ಸಭೆಯಲ್ಲಿ ಜನ ದೀಪ, ಗಟಾರ, ಬಸ್ಸು, ಸಮುದಾಯ ಭವನ ಎಂದು ಒಂದೇ ಉಸಿರಿಗೆ ಒದರಿದರು. ಶಾಸಕ ಭೂಪಾಲರು ಎಲ್ಲದಕ್ಕೂ “ಮಾಡೂನು” ಎಂದು ತಲೆಯಾಡಿಸಿದರು. ತಲೆಯಾಡಿಸಲು ಖರ್ಚೇನು? ಪದ್ಮವ್ವ ಮಾತ್ರ ಖಾಲಿ ಕೊಡ ಹಿಡಿದು ಎದ್ದಳು.

“ಸಾಹೇಬ್ರ, ನಮ್ಮ ಓಣಿ ನಳಕ್ಕ ಬಂದು ಇದೊಂದ ತುಂಬಿಸಿ ಕೊಡ್ರಿ.”

ನಗುತ್ತಲೇ ಬಂದು ನಳ ತಿರುಗಿಸಿದರು. ಬರೀ ಗಾಳಿ ಬಂತು. ಆ ತಿಂಗಳೇ ಹೊಸ ಪೈಪು ಬಿತ್ತು.

“ಹತ್ತ ಕೇಳಿದ್ರ ಅವರಿಗೆ ಮರಿಯಾಕ ಹಗುರ ಆಕ್ಕೈತಿ,” ಎನ್ನುತ್ತಿದ್ದಳು. “ಒಂದ ಕೇಳಬೇಕ. ಕಣ್ಣಿಗೆ ತೋರಸಬೇಕ.”

ಹಳ್ಳದ ವಿಷಯದಲ್ಲಿ ಮಾತ್ರ ಎಡವಿದಳು. ಓಣಿಯ ಸ್ಮಶಾನ ಹಳ್ಳದಾಚೆ, ಸೇತುವೆ ಇಲ್ಲ. ಮಳೆಗಾಲದಲ್ಲಿ ಹೆಣ ಒಯ್ಯುವವರ ಪಾಡು ಯಾರಿಗೂ ಬೇಡ. ಅವಳ ಗಂಡ ಜ್ಞಾನದೇವನ ಚಟ್ಟ ಆ ನೀರಿಗೇ ಬಿದ್ದಿತ್ತು. ಅದನ್ನು ತೋರಿಸಲು ಶಾಸಕರನ್ನು ಕರೆತಂದಳು, ಆದರೆ ಕರೆತಂದದ್ದು ಸುಡು ಬೇಸಿಗೆಯಲ್ಲಿ. “ನೀರ ಎಲ್ಲೈತಿ ಅವ್ವಾ?” ಎಂದು ನಕ್ಕು ಅವರು ಕಾರು ಹತ್ತಿದರು. ಪದ್ಮವ್ವ ಅಂದು ಉಣ್ಣಲಿಲ್ಲ. ಆಮೇಲೆ ಮಳೆಗಾಲದಲ್ಲಿ ಎಷ್ಟು ಕರೆದರೂ ಅವರು ಈ ಕಡೆ ಸುಳಿಯಲಿಲ್ಲ. ಆ ಸಂಕಟ ಅವಳಿಗೆ ಕಡೆಯತನಕ ಇತ್ತು.

*

ಶಾಸಕರು ಸಾವಿಗೆ ಬಂದರು. ಸಾವಿನ ಮನೆ ತಪ್ಪಿಸಿದರೆ ಓಣಿಯ ಓಟು ತಪ್ಪುತ್ತವೆ ಎಂಬ ಲೆಕ್ಕ ಯಾವ ಪುಢಾರಿಗೆ ಗೊತ್ತಿಲ್ಲ? ಹಾರ ಹಾಕಿದರು, ಕೈ ಮುಗಿದರು, ಫೋಟೋ ಆಯಿತು. ಕಾರಿನ ಕಡೆ ತಿರುಗುವಾಗ ವಿಶ್ವಾಸ ಸಿಟ್ಟಿನಿಂದ ಬಾಯಿ ತೆರೆದ. ಗಟಾರದಿಂದ ಹಿಡಿದು ಎಲ್ಲವನ್ನೂ ಹೇಳುವವನಿದ್ದ. ಸಪನಾ ಅವನನ್ನು ತಡೆದು ತಾನೇ ಮುಂದೆ ಬಂದಳು.

“ಸಾಹೇಬ್ರ, ಅವ್ವಗ ಒಂದೀಟ ಹೆಗಲ ಕೊಡ್ರಿ.”

ಹೆಗಲು ಕೇಳಿದರೆ ಇಲ್ಲವೆನ್ನುವುದು ಹೇಗೆ? ಇಡೀ ಓಣಿ ನೋಡುತ್ತಿತ್ತು. ಶಾಸಕರು ಹಿಂದಿನ ಬಿದಿರಿಗೆ, ಪದ್ಮವ್ವನ ಕಾಲ ಕಡೆ, ಹೆಗಲು ಕೊಟ್ಟರು. “ಬುದ್ಧಂ ಸರಣಂ ಗಚ್ಛಾಮಿ” ಎನ್ನುತ್ತ ಜನ ಹೊರಟರು. ಹಳ್ಳದ ದಂಡೆಗೆ ಬಂದಾಗ ಕೆಂಪು ನೀರು ದಡದಡ ಹರಿಯುತ್ತಿತ್ತು. ಶಾಸಕರು ನಿಂತರು.

“ರಸ್ತಾ ಎಲ್ಲೈತಿ?”

“ಇದ ರಸ್ತಾ ರೀ,” ಎಂದ ವಿಶ್ವಾಸ.

ಅವರು ಹಿಂದೆ ನೋಡಿದರು. ಆಪ್ತ ಸಹಾಯಕ ದಂಡೆಯಲ್ಲೇ ಉಳಿದು ಬೂಟು ನೋಡಿಕೊಳ್ಳುತ್ತಿದ್ದ. ಇಳಿಯದೆ ದಾರಿಯಿರಲಿಲ್ಲ.

ನಡುಹಳ್ಳದಲ್ಲಿ ನೀರು ಸೊಂಟಕ್ಕೆ ಬಂತು. ಮುಂದಿದ್ದವನ ಕಾಲು ಜಾರಿ ಚಟ್ಟ ವಾಲಿತು. “ಅವ್ವಾ!” ಎಂದು ಸಪನಾ ಚೀರಿದಳು. ಬಿಳಿ ಬಟ್ಟೆಯೊಳಗಿಂದ ಹೆಣ ಸರಿಯತೊಡಗಿದಾಗ ಶಾಸಕರು ಒಂದು ಕೈಯಿಂದ ಬಿದಿರು ಹಿಡಿದು, ಇನ್ನೊಂದರಿಂದ ಪದ್ಮವ್ವನ ಎರಡೂ ಪಾದಗಳನ್ನು ಎದೆಗೆ ಅವುಚಿಕೊಂಡರು. ಆಚೆ ದಂಡೆ ಮುಟ್ಟುವತನಕ ಬಿಡಲಿಲ್ಲ.